ಕೋರಿಕೆಯ ದಾರಿಯಲ್ಲಿ ಯಾರು ಮೊದಲು?

ಜಾಲತಾಣದ ಅರ್ಜಿಯೊಂದರಲ್ಲಿ ಕನ್ನಡದಲ್ಲಿ ಹೆಸರು ತುಂಬಿ ‘ಸಲ್ಲಿಸು’ ಒತ್ತುತ್ತೀರಿ. ಬಂದ ರಸೀದಿಯಲ್ಲಿ ಹೆಸರಿನ ಜಾಗದಲ್ಲಿ ಅರ್ಥವಾಗದ ಚಿಹ್ನೆಗಳ ಸಾಲು. ತಲೆಯ ಮೇಲೆ ಓರೆಗೀಟು ಹೊತ್ತ ಒಂದು ಚಿಕ್ಕ ರೋಮನ್ ‘ಎ’, ಅದರ ಮಗ್ಗುಲಲ್ಲಿ ಮೇಲೇರಿ ಕೂತ ಪುಟ್ಟ 2 ಅಥವಾ 3, ಮತ್ತೆ ಅದೇ ಎ, ಮತ್ತೆ ಅದೇ 2. ಇದನ್ನು ಕಂಡವರು ಬಹಳ ಮಂದಿ, ‘ಕಂಪ್ಯೂಟರ್‌ಗೆ ಕನ್ನಡ ಬರೋದಿಲ್ಲ’ ಎಂದುಕೊಂಡು ಇಂಗ್ಲಿಷಿಗೆ ತಿರುಗಿದವರೂ ಬಹಳ ಮಂದಿ. ಆದರೆ ಆ ಸಾಲು ಎಲ್ಲಿಂದಲೋ ಬಂದು ಬಿದ್ದ ಕಸವಲ್ಲ, ಅದಕ್ಕೊಂದು ಲೆಕ್ಕವಿದೆ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ನಡುವಿನ ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳಿವೆ. ಒಟ್ಟು 15 ಬೈಟ್. ಪ್ರತಿ ಮೂರರಲ್ಲಿ ಮೊದಲನೆಯ ಬೈಟ್ ಕನ್ನಡದ ಎಲ್ಲ ಅಕ್ಷರಗಳಿಗೂ ಒಂದೇ. ಎರಡನೆಯದರಲ್ಲಿ ಎರಡೇ ಬಗೆ. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಐಎಸ್‌ಒ 8859-1 ಎಂಬ ಹಳೆಯ ಪಟ್ಟಿಯನ್ನು ಹಿಡಿದು ಇವನ್ನು ಓದಿದರೆ ಮೊದಲ ಬೈಟ್ ಓರೆಗೀಟಿನ ಎ ಆಗುತ್ತದೆ, ಎರಡನೆಯದು ಪುಟ್ಟ 2 ಅಥವಾ 3.

ಅಂದರೆ ನಿಮ್ಮ ಹೆಸರು ಸರ್ವರ್‌ವರೆಗೆ ಸರಿಯಾಗಿಯೇ ತಲುಪಿತ್ತು. ಓದುವಾಗ ಹಿಡಿದ ಪಟ್ಟಿ ತಪ್ಪಾಗಿತ್ತು. ಜಾವಾದಲ್ಲಿ ಬರೆದ ಜಾಲ ತಂತ್ರಾಂಶಗಳಲ್ಲಿ ಬೇರೇನೂ ಹೇಳದಿದ್ದರೆ ಅರ್ಜಿಯ ಅಕ್ಷರಗಳನ್ನು ಆ 8859-1 ಪಟ್ಟಿಯಿಂದಲೇ ಓದುವ ರೂಢಿ ಬಹುಕಾಲ ಇತ್ತು. ಇದನ್ನು ಬಲ್ಲ ಪ್ರೋಗ್ರಾಮರ್‌ಗಳು ‘ಯುಟಿಎಫ್-8 ಎಂದು ತಿಳಿದು ಓದು’ ಎನ್ನುವ ಒಂದು ಫಿಲ್ಟರನ್ನು ದಾರಿಯಲ್ಲಿ ಇಡುತ್ತಾರೆ. ನಾಲ್ಕಾರು ಸಾಲಿನ ಕೆಲಸ, ಸಮಸ್ಯೆ ತೀರಿತು. ಮುಂದೊಂದು ದಿನ ಭದ್ರತೆಯ ಹೊಣೆ ಹೊತ್ತವರು ಇನ್ನೊಂದು ಫಿಲ್ಟರ್ ತಂದು ಅದರ ಮುಂದೆ ನಿಲ್ಲಿಸುತ್ತಾರೆ. ಅರ್ಜಿ ನಮ್ಮ ತಾಣದಿಂದಲೇ ಬಂದದ್ದೋ, ಬೇರೆ ತಾಣದವರು ಬಳಕೆದಾರನಿಗೆ ಗೊತ್ತಾಗದಂತೆ ಕಳಿಸಿದ್ದೋ ಎಂದು ತಿಳಿಯಲು ಅದು ಅರ್ಜಿಯೊಳಗಿನ ಗುಟ್ಟಿನ ಟೋಕನನ್ನು ಓದುತ್ತದೆ. ಓದಿದ ಕ್ಷಣ ಇಡೀ ಅರ್ಜಿ ಬಿಡಿಸಿಕೊಂಡಾಗಿರುತ್ತದೆ, ಅದೂ ಹಳೆಯ ಪಟ್ಟಿಯಲ್ಲಿ. ಹಿಂದೆ ನಿಂತ ಫಿಲ್ಟರ್ ಆಮೇಲೆ ಎಷ್ಟು ಕೂಗಿ ‘ಯುಟಿಎಫ್-8’ ಎಂದರೂ ಪ್ರಯೋಜನವಿಲ್ಲ. ಒಮ್ಮೆ ಓದಿದ ಮೇಲೆ ಆ ಸೂಚನೆಗೆ ಬೆಲೆಯಿಲ್ಲವೆಂದು ಜಾವಾ ಜಾಲ ತಂತ್ರಾಂಶಗಳು ಪಾಲಿಸುವ ಸರ್ವ್ಲೆಟ್ ಎಂಬ ನಿಯಮಾವಳಿಯೇ ಹೇಳುತ್ತದೆ. ಎರಡು ಫಿಲ್ಟರ್‌ಗಳಲ್ಲಿ ಒಂದರಲ್ಲೂ ದೋಷವಿಲ್ಲ. ನಿಂತ ಸ್ಥಾನ ಅದಲುಬದಲಾಗಿದೆ, ಅಷ್ಟೆ. ಕನ್ನಡದ ಹೆಸರು ಮುರಿದದ್ದು ಅಲ್ಲಿ.

ಈ ಫಿಲ್ಟರ್‌ಗಳಿಗೆ ಇಂಟರ್‌ಸೆಪ್ಟರ್ ಎಂದೂ ಮಿಡ್ಲ್‌ವೇರ್ ಎಂದೂ ಹೆಸರುಗಳಿವೆ. ನಾವು ದಿನವೂ ಬಳಸುವ ಬಹುತೇಕ ತಾಣ, ಆ್ಯಪ್‌ಗಳು ಇವುಗಳ ಸರಪಳಿಯ ಮೇಲೆ ನಿಂತಿವೆ. ಅವು ಕಣ್ಣಿಗೆ ಬೀಳುವುದಿಲ್ಲ, ಸುದ್ದಿಯಾಗುವುದು ಕೆಟ್ಟಾಗ ಮಾತ್ರ. ಹಾಗಾಗಿಯೇ ಇವು ಕೆಲಸ ಮಾಡುವ ಬಗೆ ಪ್ರೋಗ್ರಾಮರ್ ಅಲ್ಲದವರಿಗೂ ಗೊತ್ತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಬ್ರೌಸರ್‌ನಲ್ಲಿ ಗುಂಡಿ ಒತ್ತಿದಾಗ ಹೊರಡುವುದು ಒಂದು ಕೋರಿಕೆ. ಯಾವ ವಿಳಾಸದ ಪುಟ ಬೇಕು ಎಂಬ ಸಾಲು, ಅದರ ಕೆಳಗೆ ಹೆಡರ್ ಎನ್ನುವ ಚಿಕ್ಕ ಚಿಕ್ಕ ಟಿಪ್ಪಣಿಗಳು (ಯಾವ ಬ್ರೌಸರ್, ಯಾವ ಭಾಷೆ, ಯಾವ ಕುಕಿ), ಕೊನೆಗೆ ಅರ್ಜಿಯ ಒಡಲು. ಉತ್ತರವೂ ಹೀಗೆಯೇ: ಎಲ್ಲ ಸರಿಯಾದರೆ 200, ಪುಟ ಸಿಗದಿದ್ದರೆ 404 ಎಂಬಂಥ ಒಂದು ಸಂಖ್ಯೆ, ಹೆಡರ್‌ಗಳು, ಒಡಲು. ಈ ಎರಡರ ನಡುವೆ ನಿಜವಾದ ಕೆಲಸ ಎಂದರೆ ನಿಮ್ಮ ಟಿಕೆಟ್ ಕಾದಿರಿಸುವುದೋ ಖಾತೆಯ ಬಾಕಿ ತೋರಿಸುವುದೋ. ಆದರೆ ಆ ಕೆಲಸಕ್ಕೆ ಮುನ್ನ ಮಾಡಬೇಕಾದ ಚಿಲ್ಲರೆ ಕೆಲಸಗಳ ಪಟ್ಟಿ ದೊಡ್ಡದು. ಕೇಳುತ್ತಿರುವವರು ಯಾರು? ಅವರಿಗೆ ಅಧಿಕಾರವಿದೆಯೇ? ಒಂದೇ ನಿಮಿಷದಲ್ಲಿ ಸಾವಿರ ಬಾರಿ ಕೇಳುತ್ತಿದ್ದಾರೆಯೇ? ಬಂದದ್ದನ್ನು ದಾಖಲು ಮಾಡಿಕೊಂಡೆವೇ? ಹೋಗುವ ಉತ್ತರವನ್ನು ಕುಗ್ಗಿಸಿ ಕಳಿಸಬೇಕೇ?

ಸಿಜಿಐ ಎಂಬ ವಿಧಾನ 1993ರಲ್ಲಿ ಬಂದು, ಪುಟದ ಹಿಂದೆ ಪ್ರೋಗ್ರಾಂ ಓಡಿಸುವುದು ಸಾಧ್ಯವಾದ ಕಾಲದಲ್ಲಿ ಈ ಚಿಲ್ಲರೆ ಕೆಲಸಗಳನ್ನು ಒಂದೊಂದು ಪುಟದ ಪ್ರೋಗ್ರಾಮೂ ತಾನೇ ಮಾಡಿಕೊಳ್ಳಬೇಕಿತ್ತು. ನೂರು ಪುಟವಿದ್ದರೆ ನೂರು ಕಡೆ ಲಾಗಿನ್ ಪರೀಕ್ಷೆ. ನೂರ ಒಂದನೆಯ ಪುಟ ಬರೆದವರು ಆ ಸಾಲುಗಳನ್ನು ಮರೆತರೆ ಅಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. 2001ರ ಸರ್ವ್ಲೆಟ್ 2.3 ಆವೃತ್ತಿಯಲ್ಲಿ ಜಾವಾದವರು ಫಿಲ್ಟರ್ ಎಂಬ ವ್ಯವಸ್ಥೆ ತಂದರು. ಚಿಲ್ಲರೆ ಕೆಲಸ ಒಂದೊಂದನ್ನೂ ಒಂದೊಂದು ಫಿಲ್ಟರ್ ಆಗಿ ಬರೆಯಿರಿ, ಅವನ್ನು ಸಾಲಾಗಿ ಜೋಡಿಸಿ, ಒಳಗಿನ ಪುಟ ತನ್ನ ಕೆಲಸವನ್ನಷ್ಟೇ ನೋಡಿಕೊಳ್ಳಲಿ ಎಂಬುದು ಅದರ ಹಿಂದಿನ ಯೋಚನೆ. ಯೋಚನೆಯ ಬೀಜ ಇನ್ನೂ ಹಳೆಯದು. ಎರಿಕ್ ಗಾಮಾ ಮತ್ತು ಮೂವರು ಸಂಗಡಿಗರು 1994ರಲ್ಲಿ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ ಹೊಣೆಯನ್ನು ಸರಪಳಿಯ ಕೊಂಡಿಯಿಂದ ಕೊಂಡಿಗೆ ದಾಟಿಸುವ ವಿನ್ಯಾಸ ಇದೆ.

ಒಂದು ಕೊಂಡಿಯ ಒಳಗೆ ಏನಿರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಪ್ರತಿ ಫಿಲ್ಟರ್‌ಗೂ ಮೂರು ವಸ್ತು ಸಿಗುತ್ತವೆ: ಕೋರಿಕೆ, ಉತ್ತರ, ಮತ್ತು ಸರಪಳಿಯ ಉಳಿದ ಭಾಗವನ್ನು ಓಡಿಸುವ ಒಂದು ಹಿಡಿ. ಆ ಹಿಡಿಯನ್ನು ಎಳೆದರೆ ಕೋರಿಕೆ ಮುಂದಿನ ಕೊಂಡಿಗೆ ಹೋಗುತ್ತದೆ. ಮುಂದೆ ಇರುವುದು ಇನ್ನೊಂದು ಫಿಲ್ಟರೋ ಅಥವಾ ಕೊನೆಯ ಪುಟವೋ, ಎಳೆದವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಎಳೆಯುವ ಮುನ್ನ ಬರೆದ ಸಾಲುಗಳು ಕೋರಿಕೆ ಒಳಹೋಗುವಾಗ ಓಡುತ್ತವೆ. ಒಳಗೆ ಎಲ್ಲ ಮುಗಿದು ಹಿಡಿ ಮರಳಿ ಬಂದ ಮೇಲೆ ಬರೆದ ಸಾಲುಗಳು ಉತ್ತರ ಹೊರಬರುವಾಗ ಓಡುತ್ತವೆ. ಎಳೆಯದೇ ಇರುವ ಸ್ವಾತಂತ್ರ್ಯವೂ ಉಂಟು. ಲಾಗಿನ್ ಆಗದವರು ಬಂದರೆ 401 ಎಂಬ ಉತ್ತರ ಬರೆದು ಅಲ್ಲಿಂದಲೇ ಹಿಂದಿರುಗಿಸಬಹುದು. ಒಳಗಿನವರಿಗೆ ಇಂಥವರು ಬಂದಿದ್ದರೆಂಬ ಸುಳಿವೂ ಸಿಗುವುದಿಲ್ಲ.

ಇದೇ ಆಲೋಚನೆ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ವೇಷ ತೊಟ್ಟಿತು. ಪೈಥಾನ್‌ನಲ್ಲಿ 2003ರ ಕೊನೆಗೆ ಫಿಲಿಪ್ ಎಬಿ ಬರೆದ ಡಬ್ಲ್ಯುಎಸ್‌ಜಿಐ ಪ್ರಸ್ತಾವ, ರೂಬಿಯಲ್ಲಿ 2007ರ ರ‍್ಯಾಕ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ 2010ರ ಎಕ್ಸ್‌ಪ್ರೆಸ್. ಎಕ್ಸ್‌ಪ್ರೆಸ್‌ನಲ್ಲಿ ಆ ಹಿಡಿಯ ಹೆಸರು ‘ನೆಕ್ಸ್ಟ್’. ಉತ್ತರವನ್ನೂ ಕೊಡದೆ ನೆಕ್ಸ್ಟ್ ಅನ್ನೂ ಕರೆಯದೆ ಒಂದು ಮಿಡ್ಲ್‌ವೇರ್ ಸುಮ್ಮನಾದರೆ ಕೋರಿಕೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಪುಟ ಸುತ್ತುತ್ತಲೇ ಇರುತ್ತದೆ, ತಪ್ಪಾಯಿತೆಂಬ ಸಂದೇಶವೂ ಬರುವುದಿಲ್ಲ. ಹೊಸಬರ ರಾತ್ರಿಗಳನ್ನು ಹೀಗೆ ತಿಂದ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನವಿರಬಹುದು.

ಈ ವಿನ್ಯಾಸವನ್ನು ಕಸುಬಿನವರು ಈರುಳ್ಳಿಗೆ ಹೋಲಿಸುತ್ತಾರೆ. ಪದರ ಪದರವಾಗಿ ಒಳಹೋಗಿ, ನಡುವನ್ನು ಮುಟ್ಟಿ, ಅದೇ ಪದರಗಳನ್ನು ಹಿಮ್ಮುಖವಾಗಿ ದಾಟಿ ಹೊರಬರುವುದು. ಒಳಹೋಗುವಾಗ ಮೊದಲು ಸಿಕ್ಕಿದ ಪದರ ಹೊರಬರುವಾಗ ಕೊನೆಯದು. ಕೇಳಲು ಸರಳ, ಪಾಲಿಸುವುದು ಹಾಗಲ್ಲ. ಪೈಥಾನ್‌ನ ಹೆಸರಾಂತ ಜ್ಯಾಂಗೋ ಚೌಕಟ್ಟಿನಲ್ಲಿ ಬಹುಕಾಲ ಒಂದು ಕೊಂಕು ಇತ್ತು. ಹೊರಗಿನ ಪದರವೊಂದು ಕೋರಿಕೆಯನ್ನು ಅಲ್ಲಿಂದಲೇ ವಾಪಸು ಕಳಿಸಿದರೂ ಆ ಉತ್ತರ ಒಳಗಿನ ಎಲ್ಲ ಪದರಗಳ ಕೈಯಲ್ಲೂ ಹಾದು ಬರುತ್ತಿತ್ತು. ಕೋರಿಕೆಯನ್ನೇ ಕಾಣದ ಪದರ ಅದರ ಉತ್ತರವನ್ನು ತಿದ್ದಬೇಕಾಗುತ್ತಿತ್ತು. ತಾನು ಒಳಹೋಗುವಾಗ ಸಿದ್ಧಪಡಿಸಿಟ್ಟ ವಸ್ತು ಹೊರಬರುವಾಗ ಇರುತ್ತದೆಂದು ನಂಬಿ ಬರೆದ ಪ್ರೋಗ್ರಾಂ ಅಲ್ಲಿ ಮುಗ್ಗರಿಸುತ್ತಿತ್ತು. 2016ರ 1.10ನೇ ಆವೃತ್ತಿಯಲ್ಲಿ ಇದನ್ನು ತಿದ್ದಿದರು: ಕೋರಿಕೆ ಎಷ್ಟು ಪದರ ದಾಟಿತ್ತೋ ಅಷ್ಟೇ ಪದರಗಳನ್ನು ಉತ್ತರ ದಾಟುತ್ತದೆ.

ಯಾರು ಮೊದಲು ಎಂಬ ಪ್ರಶ್ನೆಗೆ ಸಿದ್ಧ ಉತ್ತರವಿಲ್ಲ, ಪ್ರತಿ ಜೋಡಿಯನ್ನೂ ಕೂತು ಯೋಚಿಸಬೇಕು. ದಾಖಲೆ ಬರೆಯುವ ಫಿಲ್ಟರ್ ಎಲ್ಲಿರಬೇಕು? ಒಳಗಿದ್ದರೆ ಬಾಗಿಲಲ್ಲೇ ತಿರಸ್ಕೃತವಾದ ಕೋರಿಕೆಗಳ ಲೆಕ್ಕವೇ ಸಿಗುವುದಿಲ್ಲ, ದಾಳಿ ನಡೆಯುತ್ತಿದ್ದರೆ ನಮಗೆ ಬೇಕಾದದ್ದು ಅದೇ. ಹಾಗೆಂದು ಎಲ್ಲರಿಗಿಂತ ಹೊರಗಿಟ್ಟರೆ ಬಂದವರು ಯಾರೆಂದು ಆಗಿನ್ನೂ ಗೊತ್ತಾಗಿರುವುದಿಲ್ಲ. ಹೊರಗಿಟ್ಟು, ಉತ್ತರ ಮರಳಿ ಬರುವಾಗ ಬರೆಯುವುದು ಒಳ್ಳೆಯ ದಾರಿ. ಅಷ್ಟರಲ್ಲಿ ಒಳಗಿನವರು ಹೆಸರು ಪತ್ತೆ ಮಾಡಿ ಕೋರಿಕೆಗೆ ಅಂಟಿಸಿರುತ್ತಾರೆ. ಇನ್ನು, ಪದೇ ಪದೇ ಕೇಳುವವರಿಗೆ 429 ಎಂಬ ಉತ್ತರ ಕೊಟ್ಟು ತಡೆಯುವ ಫಿಲ್ಟರ್. ಪಾಸ್‌ವರ್ಡ್ ಸರಿಯೇ ಎಂದು ನೋಡುವ ಲೆಕ್ಕಾಚಾರವನ್ನು ಕಳ್ಳರಿಗೆ ದುಬಾರಿಯಾಗಲೆಂದು ಬೇಕಂತಲೇ ನಿಧಾನ ಮಾಡಿರುತ್ತಾರೆ. ಆದ್ದರಿಂದ ತಡೆ ಅದಕ್ಕಿಂತ ಮೊದಲೇ ಇರಬೇಕು, ಇಲ್ಲದಿದ್ದರೆ ಸುಳ್ಳು ಪಾಸ್‌ವರ್ಡ್‌ಗಳ ಮಳೆಗರೆದೇ ಸರ್ವರನ್ನು ಕೆಡವಬಹುದು. ಆದರೆ ‘ಒಬ್ಬ ಗ್ರಾಹಕನಿಗೆ ದಿನಕ್ಕೆ ಇಷ್ಟು’ ಎಂಬ ಮಿತಿ ಹಾಕಬೇಕಿದ್ದರೆ ಆ ಗ್ರಾಹಕ ಯಾರೆಂದು ಗೊತ್ತಾದ ಮೇಲೆಯೇ ಸಾಧ್ಯ. ನನ್ನ ಅಭಿಪ್ರಾಯದಲ್ಲಿ ಎರಡು ತಡೆಗಳು ಬೇಕು, ಗುರುತಿನ ಪರೀಕ್ಷೆಯ ಆಚೆಗೊಂದು, ಈಚೆಗೊಂದು. ಒಂದರಲ್ಲೇ ಎರಡನ್ನೂ ಸಾಧಿಸಹೊರಟರೆ ಎರಡೂ ಅರೆಬರೆಯಾಗುತ್ತವೆ.

ತಂಡಗಳನ್ನು ಅತಿ ಹೆಚ್ಚು ದಣಿಸುವ ಜೋಡಿ ಇನ್ನೊಂದಿದೆ. ಒಂದು ತಾಣದ ಪುಟ ಬೇರೆ ತಾಣದ ಸರ್ವರ್‌ಗೆ ಮಾಹಿತಿ ಕೇಳಬೇಕಾದಾಗ ಬ್ರೌಸರ್ ಅನೇಕ ಸಲ ಮೊದಲು ತಾನೇ ಒಂದು ಪೂರ್ವಭಾವಿ ಕೋರಿಕೆ ಕಳಿಸಿ ‘ಇಂಥ ಕಡೆಯಿಂದ ಕೇಳಿದರೆ ಕೊಡುತ್ತೀರಾ’ ಎಂದು ವಿಚಾರಿಸುತ್ತದೆ. ಕಾರ್ಸ್ ಎಂಬ ಈ ನಿಯಮದ ಪ್ರಕಾರ ಆ ವಿಚಾರಣೆಯಲ್ಲಿ ಕುಕಿ ಇರುವುದಿಲ್ಲ, ಗುರುತಿನ ಕುರುಹು ಯಾವುದೂ ಇರುವುದಿಲ್ಲ. ಲಾಗಿನ್ ಪರೀಕ್ಷಿಸುವ ಫಿಲ್ಟರ್ ಮುಂದೆ ನಿಂತಿದ್ದರೆ ಅದು ತನ್ನ ಕರ್ತವ್ಯ ಮಾಡಿ 401 ಕೊಡುತ್ತದೆ. ಬ್ರೌಸರ್ ‘ಕಾರ್ಸ್ ದೋಷ’ ಎಂದು ಕೆಂಪಕ್ಷರದಲ್ಲಿ ಬರೆಯುತ್ತದೆ. ಪ್ರೋಗ್ರಾಮರ್ ಕಾರ್ಸ್ ಫಿಲ್ಟರಿನ ಸಾಲುಗಳನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ, ಅಲ್ಲಿ ತಪ್ಪೇ ಇರುವುದಿಲ್ಲ. ಕಾರ್ಸ್ ಮೊದಲು, ಭದ್ರತೆ ಆಮೇಲೆ ಎಂದು ಜಾವಾದ ಭದ್ರತಾ ಚೌಕಟ್ಟಾದ ಸ್ಪ್ರಿಂಗ್ ಸೆಕ್ಯುರಿಟಿಯ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ.

ಸರಪಳಿ ಸರ್ವರ್‌ನಲ್ಲಿ ಮಾತ್ರ ಇಲ್ಲ, ನಿಮ್ಮ ಜೇಬಿನ ಫೋನಿನಲ್ಲೂ ಇದೆ. ಆಂಡ್ರಾಯ್ಡ್ ಆ್ಯಪ್‌ಗಳು ಬಹುವಾಗಿ ನಂಬಿರುವ ಓಕೆ-ಎಚ್‌ಟಿಟಿಪಿ ಎಂಬ ಲೈಬ್ರರಿಯ ಒಳಗೆ ಇಣುಕಿದರೆ ಇಡೀ ಕೆಲಸವೇ ಇಂಟರ್‌ಸೆಪ್ಟರ್‌ಗಳ ಸಾಲು. ವಿಫಲವಾದರೆ ಮತ್ತೆ ಪ್ರಯತ್ನಿಸುವುದು ಒಂದು, ಬೇಕಾದ ಹೆಡರ್‌ಗಳನ್ನು ಸೇರಿಸುವುದು ಒಂದು, ಹಿಂದೆ ತಂದಿಟ್ಟ ಪ್ರತಿ ಇದೆಯೇ ಎಂದು ನೋಡುವುದು ಒಂದು, ಸಂಪರ್ಕ ಕಲ್ಪಿಸುವುದು ಒಂದು, ಕೊನೆಗೆ ನಿಜವಾಗಿ ಸರ್ವರ್ ಜತೆ ಮಾತಾಡುವುದು ಒಂದು. ಆ್ಯಪ್ ಬರೆಯುವವರು ತಮ್ಮ ಇಂಟರ್‌ಸೆಪ್ಟರನ್ನು ಎರಡು ಕಡೆ ಸೇರಿಸಬಹುದು: ಈ ಸಾಲಿನ ಎಲ್ಲಕ್ಕಿಂತ ಮುಂದೆ, ಅಥವಾ ಜಾಲದ ಅಂಚಿನಲ್ಲಿ, ಕೊನೆಯದಕ್ಕೆ ಸ್ವಲ್ಪ ಈಚೆ. ಸರ್ವರ್ ‘ವಿಳಾಸ ಬದಲಾಗಿದೆ, ಅಲ್ಲಿ ಕೇಳು’ ಎಂದರೆ ಮುಂದೆ ನಿಂತವನಿಗೆ ಕಾಣುವುದು ಒಂದೇ ಕೋರಿಕೆ, ಒಂದೇ ಉತ್ತರ. ಅಂಚಿನಲ್ಲಿ ನಿಂತವನಿಗೆ ಎರಡು ಪಯಣವೂ ಕಾಣುತ್ತದೆ. ಹಳೆಯ ಪ್ರತಿಯಿಂದಲೇ ಉತ್ತರ ಸಿಕ್ಕಿದರೆ ಅಂಚಿನವನಿಗೆ ಏನೂ ಕಾಣುವುದಿಲ್ಲ. ಒಂದೇ ಪ್ರೋಗ್ರಾಂ ನಿಂತ ಜಾಗಕ್ಕೆ ತಕ್ಕಂತೆ ಬೇರೆ ಲೋಕವನ್ನು ನೋಡುತ್ತದೆ. ಪರೀಕ್ಷೆಗೆಂದು ಹಾಕಿದ ದಾಖಲೆ ಇಂಟರ್‌ಸೆಪ್ಟರನ್ನು ತೆಗೆಯಲು ಮರೆತು ಆ್ಯಪ್ ಬಿಡುಗಡೆ ಮಾಡಿದರೆ ಬಳಕೆದಾರನ ಟೋಕನ್ ಕೂಡ ಲಾಗ್‌ನಲ್ಲಿ ಬಿದ್ದಿರುತ್ತದೆ. ಈ ಅಪಾಯವನ್ನು ಲೈಬ್ರರಿಯ ಕರ್ತೃಗಳೇ ಎಚ್ಚರಿಸಿ, ಅಂಥ ಹೆಡರ್‌ಗಳನ್ನು ಮರೆಮಾಚುವ ಸೌಲಭ್ಯವನ್ನೂ ಕೊಟ್ಟಿದ್ದಾರೆ.

ಇನ್ನು 2017ರ ಕತೆಗೆ ಬರುತ್ತೇನೆ. ಸರಪಳಿಯ ವಿನ್ಯಾಸವನ್ನು ಮೆಚ್ಚುವ ನನ್ನಂಥವರು ಮರೆಯಬಾರದ ಕತೆ ಅದು. ಅಪಾಚೆ ಸ್ಟ್ರಟ್ಸ್ 2 ಇಂಟರ್‌ಸೆಪ್ಟರ್‌ಗಳನ್ನೇ ಬೆನ್ನೆಲುಬಾಗಿಸಿಕೊಂಡ ಜಾವಾ ಚೌಕಟ್ಟು. ಫೈಲ್ ಅಪ್‌ಲೋಡ್ ನಿರ್ವಹಿಸುವ ಭಾಗ ಅದರ ಸಿದ್ಧ ಸಾಲಿನಲ್ಲಿ ತಾನಾಗಿಯೇ ಬಂದಿರುತ್ತದೆ. ಒಡಲಿನ ಬಗೆ ಹೇಳುವ ‘ಕಂಟೆಂಟ್-ಟೈಪ್’ ಹೆಡರ್ ತಪ್ಪಾಗಿದ್ದರೆ ಅದು ಒಂದು ದೋಷಸಂದೇಶ ಕಟ್ಟುತ್ತಿತ್ತು, ಆ ಸಂದೇಶದಲ್ಲಿ ತಪ್ಪು ಹೆಡರನ್ನೂ ಸೇರಿಸುತ್ತಿತ್ತು. ಸಂದೇಶ ಕಟ್ಟುವ ಸಾಧನವೋ, ಪಠ್ಯದೊಳಗೆ ಸೂತ್ರದಂಥದ್ದು ಕಂಡರೆ ಅದನ್ನು ಓಡಿಸಿಬಿಡುತ್ತಿತ್ತು. ಹಾಗಾಗಿ ಹೆಡರಿನಲ್ಲಿ ಆಜ್ಞೆಯನ್ನೇ ತುಂಬಿ ಕಳಿಸಿದರೆ ಸರ್ವರ್ ಅದನ್ನು ಪಾಲಿಸುತ್ತಿತ್ತು. ಕಳಿಸುವವರು ಲಾಗಿನ್ ಆಗಿರಬೇಕಿರಲಿಲ್ಲ. ಆ ತಾಣದಲ್ಲಿ ಫೈಲ್ ಅಪ್‌ಲೋಡ್ ಮಾಡುವ ಪುಟ ಇರಬೇಕೆಂದೂ ಇರಲಿಲ್ಲ. ಬಳಸದ ಕೊಂಡಿ ಸರಪಳಿಯಲ್ಲಿ ಇದ್ದದ್ದೇ ಸಾಕಾಯಿತು.

ಅಪಾಚೆಯವರು ಆ ಮಾರ್ಚ್‌ನಲ್ಲಿ ತಿದ್ದಿದ ಆವೃತ್ತಿ ಹೊರತಂದರು. ಕೂಡಲೇ ಬದಲಿಸಲಾಗದವರಿಗೆ ಅವರು ಸೂಚಿಸಿದ ತಾತ್ಕಾಲಿಕ ಉಪಾಯವೂ ಇನ್ನೊಂದು ಫಿಲ್ಟರೇ: ಸಾಲಿನ ಮುಂದೆ ನಿಂತು ಕಂಟೆಂಟ್-ಟೈಪ್ ಹೆಡರನ್ನು ಪರೀಕ್ಷಿಸಿ, ಸಂಶಯಾಸ್ಪದವಾದದ್ದನ್ನು ಎಸೆಯುವುದು. ಅಮೆರಿಕದ ಸಾಲ-ವರದಿ ಸಂಸ್ಥೆ ಈಕ್ವಿಫ್ಯಾಕ್ಸ್‌ನಲ್ಲಿ ಗ್ರಾಹಕರು ತಕರಾರು ಸಲ್ಲಿಸುವ ಪೋರ್ಟಲ್ ತಿದ್ದುಪಡಿ ಇಲ್ಲದೆ ಉಳಿಯಿತು. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ಕಳ್ಳರು ಒಳಗಿದ್ದರು. ಸುಮಾರು 14.7 ಕೋಟಿ ಜನರ ವಿವರಗಳು ಹೋದವು. ಅಲ್ಲಿಯ ಜಾಲದ ದಾರಿಯಲ್ಲಿ ಹೋಗಿಬರುವ ಗೂಢಲಿಪಿಯ ಸಂಚಾರವನ್ನು ಬಿಡಿಸಿ ನೋಡುವ ಉಪಕರಣವೂ ಇತ್ತು, ಅದೂ ಒಂದು ಬಗೆಯ ಇಂಟರ್‌ಸೆಪ್ಟರೇ. ಅದರ ಡಿಜಿಟಲ್ ಪ್ರಮಾಣಪತ್ರದ ಅವಧಿ ತಿಂಗಳುಗಟ್ಟಲೆ ಹಿಂದೆಯೇ ಮುಗಿದಿತ್ತು. ಅದು ಸಂಚಾರವನ್ನು ತಡೆಯಲಿಲ್ಲ, ನೋಡದೆ ಬಿಡುತ್ತಿತ್ತು. ಜುಲೈ 29ರಂದು ಪ್ರಮಾಣಪತ್ರ ಹೊಸದಾದ ಕೂಡಲೇ ಅನುಮಾನದ ಸಂಚಾರ ಕಣ್ಣಿಗೆ ಬಿತ್ತು.

ಕೆಟ್ಟ ಕೊಂಡಿ ದಾರಿಗೆ ಅಡ್ಡ ಬಿದ್ದರೆ ಎಲ್ಲರೂ ದೂರುತ್ತಾರೆ, ಅರ್ಧ ಗಂಟೆಯಲ್ಲಿ ರಿಪೇರಿಯಾಗುತ್ತದೆ. ಕೆಟ್ಟು, ದಾರಿ ಬಿಟ್ಟುಕೊಟ್ಟರೆ ಯಾರಿಗೂ ತೊಂದರೆ ಕಾಣುವುದಿಲ್ಲ. ಭದ್ರತೆಯ ಕೊಂಡಿಗಳು ಕೆಟ್ಟಾಗ ಮುಚ್ಚಿಕೊಳ್ಳುವಂತೆ ಬರೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ವ್ಯಾಪಾರ ಒಂದು ಗಂಟೆ ನಿಂತರೆ ಆಗುವ ನಷ್ಟವನ್ನು ಲೆಕ್ಕ ಹಾಕಬಹುದು. 14.7 ಕೋಟಿ ಜನರ ಜನ್ಮದಿನಾಂಕ, ಗುರುತಿನ ಸಂಖ್ಯೆಗಳನ್ನು ಹಿಂದಕ್ಕೆ ತರಲಾಗದು.

ಸರಪಳಿಯನ್ನೇ ತಪ್ಪಿಸಿಕೊಂಡು ಹೋಗುವ ದಾರಿ 2025ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ನೆಕ್ಸ್ಟ್.ಜೆಎಸ್ ಎಂಬ ಜನಪ್ರಿಯ ಚೌಕಟ್ಟಿನಲ್ಲಿ ಮಿಡ್ಲ್‌ವೇರ್ ತಾನೇ ಇನ್ನೊಂದು ಕೋರಿಕೆ ಹುಟ್ಟಿಸಬಹುದು, ಆ ಕೋರಿಕೆ ಮತ್ತೆ ಅದೇ ಮಿಡ್ಲ್‌ವೇರ್‌ಗೆ ಬಂದು ಕೊನೆಯಿಲ್ಲದೆ ಸುತ್ತಬಹುದು. ಅದನ್ನು ತಡೆಯಲು ಒಳಗಿನ ಕೋರಿಕೆಗಳಿಗೆ ಒಂದು ಹೆಡರ್ ಅಂಟಿಸುತ್ತಿದ್ದರು. ಆ ಗುರುತು ಕಂಡರೆ ‘ಇದು ಆಗಲೇ ಪರೀಕ್ಷೆಯಾಗಿದೆ’ ಎಂದು ಮಿಡ್ಲ್‌ವೇರ್ ಓಡುತ್ತಿರಲಿಲ್ಲ. ಆದರೆ ಹೊರಗಿನಿಂದ ಬಂದ ಕೋರಿಕೆ ಅದೇ ಹೆಡರನ್ನು ಹೊತ್ತು ತಂದರೆ ಅದು ನಕಲಿ ಎಂದು ಗುರುತಿಸುವವರೇ ಇರಲಿಲ್ಲ. ಒಂದು ಹೆಡರ್ ಸೇರಿಸಿದರೆ ಲಾಗಿನ್ ಪರೀಕ್ಷೆ ಮಾಯ. ತೀವ್ರತೆಗೆ ಹತ್ತರಲ್ಲಿ 9.1 ಅಂಕ ಬಿತ್ತು. 14.2.25 ಮತ್ತು 15.2.3 ಆವೃತ್ತಿಗಳಲ್ಲಿ ತಿದ್ದಿದರು. ಅದಾದರೂ ಮುಳುಗಿದ್ದು ಯಾರು ಎಂದು ನೋಡಿ: ಅಧಿಕಾರದ ಪರೀಕ್ಷೆಯನ್ನು ಮಿಡ್ಲ್‌ವೇರ್ ಒಂದಕ್ಕೇ ಒಪ್ಪಿಸಿ ಒಳಗೆಲ್ಲ ನಿಶ್ಚಿಂತೆಯಿಂದ ಇದ್ದವರು. ದತ್ತಾಂಶ ತೆಗೆಯುವ ಜಾಗದಲ್ಲಿ ‘ಈ ದಾಖಲೆ ಈತನದೇ?’ ಎಂದು ಇನ್ನೊಮ್ಮೆ ಕೇಳಿದ್ದವರ ತಾಣಗಳಲ್ಲಿ ಆ ಹೆಡರಿನಿಂದ ಏನೂ ದೊರಕುತ್ತಿರಲಿಲ್ಲ.

ನೂರು ಪುಟದಲ್ಲಿ ನೂರು ಸಲ ಬರೆಯುವ ಕಷ್ಟ ತಪ್ಪಿಸಲೆಂದೇ ಫಿಲ್ಟರ್ ಹುಟ್ಟಿತಲ್ಲ, ಈಗ ಮತ್ತೆ ಒಳಗೂ ಕೇಳಿ ಎಂದರೆ ಹೇಗೆ ಎಂದು ತರುಣ ಪ್ರೋಗ್ರಾಮರ್‌ಗಳು ಕೇಳುತ್ತಾರೆ. ಎರಡು ಪ್ರಶ್ನೆಗಳೂ ಬೇರೆ. ‘ನೀವು ಯಾರು’ ಎಂಬುದು ಎಲ್ಲ ಪುಟಕ್ಕೂ ಸಮಾನ, ಸರಪಳಿಗೆ ಸೇರಿದ್ದು. ‘ಈ ಖಾತೆ ನಿಮ್ಮದೇ’ ಎಂಬುದಕ್ಕೆ ಉತ್ತರ ಖಾತೆಯ ದಾಖಲೆಯಲ್ಲಿದೆ. ಅದನ್ನು ಬಾಗಿಲಲ್ಲಿ ನಿಂತು ಹೇಳಲಾಗದು.

ನಾನು ಯಾವ ತಂಡದ ಕೆಲಸ ನೋಡಿದರೂ ಮೊದಲು ಕೇಳುವುದು ಓಡುತ್ತಿರುವ ಸರಪಳಿಯ ಪಟ್ಟಿಯನ್ನು, ವಿನ್ಯಾಸದ ಚಿತ್ರವನ್ನಲ್ಲ. ರೂಬಿಯ ರೈಲ್ಸ್ ಚೌಕಟ್ಟಿನಲ್ಲಿ ಒಂದು ಸಣ್ಣ ಆಜ್ಞೆ ಕೊಟ್ಟರೆ ಇಡೀ ಸಾಲು ಕ್ರಮವಾಗಿ ಪರದೆಗೆ ಬರುತ್ತದೆ. ಜ್ಯಾಂಗೋದಲ್ಲಿ ಸೆಟ್ಟಿಂಗ್ಸ್ ಕಡತದಲ್ಲೇ ಬರೆದಿರುತ್ತದೆ. ಸ್ಪ್ರಿಂಗ್ ಸೆಕ್ಯುರಿಟಿ ಶುರುವಾಗುವಾಗ ತನ್ನ ಫಿಲ್ಟರ್‌ಗಳನ್ನು ಸಾಲಾಗಿ ಲಾಗ್‌ಗೆ ಬರೆಯಬಲ್ಲದು. ಆ ಪಟ್ಟಿ ಬೇರೆ ಬೇರೆ ಕಡತಗಳಲ್ಲಿ ಚದುರಿ, ಕೆಲವು ಲೈಬ್ರರಿಗಳು ತಾವಾಗಿ ಸೇರಿಕೊಂಡು, ಯಾರ ತಲೆಯಲ್ಲೂ ಪೂರ್ತಿ ಇಲ್ಲದಿರುವುದು ಸಾಮಾನ್ಯ. ಅದನ್ನು ಮುದ್ರಿಸಿ, ಒಂದೊಂದು ಕೊಂಡಿಯ ಮುಂದೆ ಮೂರು ಸಾಲು ಬರೆಸಬೇಕು: ಇದು ನಮಗೆ ಬೇಕೇ, ತನ್ನ ಹಿಂದಿನ ಕೊಂಡಿಯಿಂದ ಇದು ಏನನ್ನು ನಿರೀಕ್ಷಿಸುತ್ತದೆ, ಇದು ಕೆಟ್ಟರೆ ದಾರಿ ಮುಚ್ಚುತ್ತದೋ ತೆರೆಯುತ್ತದೋ. ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದ ಕೊಂಡಿಯನ್ನು ಪರೀಕ್ಷಾ ಸರ್ವರ್‌ನಲ್ಲಿ ಬೇಕೆಂದೇ ಕೆಡಿಸಿ, ಲಾಗಿನ್ ಇಲ್ಲದ ಒಂದು ಕೋರಿಕೆಯನ್ನು ಕಳಿಸಿ, ಯಾವ ಸಂಖ್ಯೆಯ ಉತ್ತರ ಬರುತ್ತದೆಂದು ನೋಡಬೇಕು. 200 ಬಂದರೆ ಆ ದಿನದ ಬೇರೆಲ್ಲ ಕೆಲಸವನ್ನೂ ಬದಿಗಿಡಬಹುದು.